ಪ್ರದರ್ಶನ ಯಶಸ್ವಿಯಂತೆ!

ಮಾನ್ಯರೇ,

ಭಾನುವಾರದ ‘ಪ್ರಪಂಚ ಪಾಶ್’ ಮೂಕಿಚಿತ್ರ ಪ್ರದರ್ಶನ ‘ಯಶಸ್ವಿ’ ಎಂದು ನಿಮ್ಮ ವರದಿಯಲ್ಲಿ ಓದಿ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ನಿಮ್ಮ ವರದಿಗಾರರು ಹಾರ, ಶಾಲು ಮುಗಿದ ಕೂಡಲೇ ಎದ್ದು ಹೋದರೇನೋ. ನಾನು ಕೊನೆಯವರೆಗೂ ಕೂತಿದ್ದೆ.

ಹತ್ತೂವರೆಗೆ ಸಿನಿಮಾ ಎಂದಿದ್ದರು. ಮಂಡಿನೋವು ಇಟ್ಟುಕೊಂಡು, ತಿಂಡಿ ಬಿಟ್ಟು, ಎರಡು ಬಸ್ ಬದಲಾಯಿಸಿ ಹೋದೆ. ಶುರುವಾಗಿದ್ದು ಹನ್ನೆರಡಕ್ಕೆ. ಅಲ್ಲಿವರೆಗೂ ಭಾಷಣ. ‘ಪ್ರಪಂಚ ಪಾಶ್’ ನಿರ್ದೇಶಿಸಿದ್ದು ಹಿಮಾಂಶು ರಾಯ್ ಎಂದರು ಒಬ್ಬ ಅಧಿಕಾರಿ. ನೀವೂ ಅದನ್ನೇ ಅಚ್ಚು ಹಾಕಿದ್ದೀರಿ. ಸ್ವಾಮಿ, ರಾಯ್ ಅದರ ನಿರ್ಮಾಪಕರು. ಮೋಸದ ದಾಳ ಉರುಳಿಸುವ ರಾಜನ ಪಾರ್ಟೂ ಅವರದೇ. ನಿರ್ದೇಶಕ ಮಾತ್ರ ಜರ್ಮನಿಯ ಮ್ಯೂನಿಕ್‌ನ ಫ್ರಾಂಜ್ ಆಸ್ಟೆನ್. 1925ರಲ್ಲಿ ಬುದ್ಧನ ಕಥೆ, 1928ರಲ್ಲಿ ‘ಶಿರಾಜ್’, 1929ರಲ್ಲಿ ಇದು. ಆಮೇಲೆ ಬಾಂಬೆ ಟಾಕೀಸ್ ಸ್ಟುಡಿಯೋಗೆ ಬಂದು, ಹಿಂದಿ ಬಾರದಿದ್ದರೂ ‘ಅಛೂತ್ ಕನ್ಯಾ’ ತೆಗೆದ. ನಾಜಿ ಪಕ್ಷದ ಸದಸ್ಯನೂ ಹೌದು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಹಿಡಿದು ಒಳಗೆ ಹಾಕಿದರು. ಹಾಡಿ ಹೊಗಳುವುದು ಬೇಡ, ಹೆಸರಾದರೂ ಹೇಳಬಹುದಿತ್ತು ಅಲ್ವಾ?

ಲ್ಯಾಪ್‌ಟಾಪಿನಿಂದ ತೋರಿಸಿದರು. ಎಷ್ಟು ವೇಗ ಎಂದರೆ ಆನೆಗಳು ಇಲಿಗಳ ಹಾಗೆ ಓಡುತ್ತಿದ್ದವು. ಸಂಗೀತದ ಬದಲು ಜನರೇಟರ್ ಸದ್ದು. ಜೂಜಿನ ದೃಶ್ಯದಲ್ಲಿ ಇನ್ನೇನು ದಾಳ ಬೀಳಬೇಕು, ಪರದೆ ಮೇಲೆ ಚಕ್ರ ಸುತ್ತತೊಡಗಿತು. ಹತ್ತು ನಿಮಿಷ ಸುತ್ತಿತು. ಆಮೇಲೆ ‘ಊಟ ರೆಡಿ ಇದೆ’ ಎಂದು ಮೈಕಿನಲ್ಲಿ ಕೂಗಿದರು. ಊಟದ ಕೂಪನ್ ಮುಂದಿನ ಎರಡು ಸಾಲಿಗೆ ಮಾತ್ರ!

ಈ ಅಧಿಕಾರಿಗಳ ಸಿನಿಮಾ ಪ್ರೀತಿ ನಮಗೆ ಹೊಸದಲ್ಲ ಬಿಡಿ. ಇದೇ ಚಿತ್ರದ ತೆರೆಮರೆಯಲ್ಲಿ ದುಡಿದ ನಟಿ ದೇವಿಕಾರಾಣಿ ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲೇ ಬಾಳಿದವರು. ತೋಟ ಸರ್ಕಾರ ವಹಿಸಿಕೊಂಡದ್ದು ಸರಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತು. ಮ್ಯೂಸಿಯಂ ಆಗುತ್ತೆ, ಆಗುತ್ತೆ ಎಂದು ಕೇಳಿ ಕೇಳಿ ನನ್ನ ಕೂದಲು ಹಣ್ಣಾಯಿತು. ಅತ್ತ ಹೋಗುವ ಬಸ್ಸಿಗೆ ಕಾಯಲು ನಮ್ಮ ಸ್ಟಾಪಿನಲ್ಲಿ ಒಂದು ಸೂರೂ ಇಲ್ಲ. ಅರ್ಜಿ ಕೊಟ್ಟರೆ ‘ಸಾಹೇಬರು ಮೀಟಿಂಗಲ್ಲಿದ್ದಾರೆ’. ಯಾವ ಮೀಟಿಂಗೋ, ಈಗ ಗೊತ್ತಾಯಿತು.

ಸಂಬಂಧಪಟ್ಟವರು ಚಿತ್ರವನ್ನು ಪೂರ್ತಿಯಾಗಿ, ಸರಿಯಾದ ವೇಗದಲ್ಲಿ ಇನ್ನೊಮ್ಮೆ ತೋರಿಸಲಿ. ಆಗದಿದ್ದರೆ ಸುಮ್ನೆ ಇಂಥ ಕಾರ್ಯಕ್ರಮ ಮಾಡುವುದನ್ನೇ ಬಿಡಲಿ. ಆ ಸೂರನ್ನಾದರೂ ಹಾಕಿಸಲಿ.

— ದಾಳ ಬಿದ್ದದ್ದು ನೋಡದ ಪ್ರೇಕ್ಷಕ, ಬೆಂಗಳೂರು