ಶನಿವಾರ ಲೈಬ್ರರಿಯಲ್ಲಿ ಸೇರೋಣ: ಕೆಳದಿ ಪ್ರಾಜೆಕ್ಟ್

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ ಮಕ್ಕಳ ಕೆಳದಿ ಪ್ರಾಜೆಕ್ಟಿಗೆ ಶನಿವಾರ ಮಧ್ಯಾಹ್ನ 3ಕ್ಕೆ ಶಾಲೆಯ ಲೈಬ್ರರಿಗೆ ಬನ್ನಿ. ಪಾಲಕರೂ ಬಂದರೆ ತುಂಬಾ ಸಹಾಯ.

ಮೊದಲು ಮಕ್ಕಳಿಂದ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಸಿ. ಸುಮ್ನೆ ‘ಕೆಳದಿ’ ಅಂತ ಹುಡುಕಿದರೆ ಪ್ರವಾಸದ ಪುಟಗಳೇ ಜಾಸ್ತಿ. ರಾಣಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು ಬೇಕಾದರೆ ‘ಕೆಳದಿ ಚೆನ್ನಮ್ಮ ರಾಜಾರಾಮ’ ಅಂತ ಹಾಕಿ, ನೇರ ವಿಷಯಕ್ಕೆ ಹೋಗಬಹುದು. ಕೆಳದಿ ಅರಸರ ರಾಜಧಾನಿ ಬದಲಾಗಿತ್ತು ಅಲ್ವಾ, ಇಕ್ಕೇರಿ, ಬಿದನೂರು ಅಂತಲೂ ಹುಡುಕಿಸಿ. ಇಂಗ್ಲಿಷಿನಲ್ಲಾದರೆ ಕೆಳದಿ ಇರುವ ಶಿವಮೊಗ್ಗ ಜಿಲ್ಲೆಗೆ ‘ಶಿಮೋಗ’ ಅಂತಲೂ ಹಾಕಬೇಕು, 2014ಕ್ಕೆ ಮೊದಲಿನ ಬರಹಗಳಲ್ಲಿ ಆ ಹೆಸರೇ ಇರುತ್ತದೆ.

ಒಳ್ಳೆಯ ಪುಸ್ತಕ ಸಿಕ್ಕಿದರೆ ಕೊನೆಯ ಗ್ರಂಥಸೂಚಿಯ ಫೋಟೊ ತೆಗೆದುಕೊಳ್ಳಿ. ಅಲ್ಲಿಂದಲೇ ಮುಂದಿನ ಪುಸ್ತಕ ಸಿಗುತ್ತದೆ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ವೆಬ್‌ಸೈಟಿನಲ್ಲಿ ಉಚಿತವಾಗಿವೆ, ಕುವೆಂಪು ವಿಶ್ವವಿದ್ಯಾಲಯದವೂ ಇವೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಮಗುವಿನ ಹೆಸರು, ಪ್ರಶ್ನೆ ಎರಡನ್ನೂ ಇಲ್ಲೇ ಹಾಕಿ. ಪುಸ್ತಕ ತೆಗೆದಿಟ್ಟಿರುತ್ತೇವೆ.