ಪಾರ್ಕಿನ ಬೀಗ, ಕಲಬುರಗಿ ಬಿಸಿಲು: ನಮ್ಮ ವಾರ್ಡಿನ ಕಾರ್ಪೊರೇಟರ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಪೊರೇಟರ್ ಸಾಹೇಬರೇ, ನಮಸ್ಕಾರ.

ರಸ್ತೆ, ನೀರು, ಚರಂಡಿ ಬಿಟ್ಟು ಬೇರೆ ವಿಷಯಕ್ಕೆ ನಿಮಗೆ ಪತ್ರ ಬರುವುದು ಕಡಿಮೆ ಇರಬೇಕು. ಇದು ನಮ್ಮ ಬಡಾವಣೆಯ ಪಾರ್ಕಿನ ಟೈಮಿಂಗ್ ಬಗ್ಗೆ. ಇಷ್ಟಕ್ಕೆ ಬಹಿರಂಗ ಪತ್ರ ಬೇಕಾ ಅಂತ ನೀವು ನಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಹೋದ ಮನೆಯಲ್ಲಿ ಒಂದು ಸಂಜೆ ಕಳೆದವರು ನಗುವುದಿಲ್ಲ.

ಗೇಟಿನ ಮೇಲೆ ಬೋರ್ಡು ಇದೆ. ಬೆಳಿಗ್ಗೆ 6ರಿಂದ 9, ಸಂಜೆ 5ರಿಂದ 8. ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲಕ್ಕೂ ಇದೇ. ಈ ಟೈಮ್ ಇಟ್ಟವರು ಮೇ ತಿಂಗಳಲ್ಲಿ ಸಂಜೆ ಐದಕ್ಕೆ ಬಂದು ಆ ಬೆಂಚಿನ ಮೇಲೆ ಸುಮ್ನೆ ಹತ್ತು ನಿಮಿಷ ಕೂರಲಿ. ಆಗ ನಮ್ಮಲ್ಲಿ ಸೂರ್ಯ ಮುಳುಗುವುದೇ 6.45ರ ಸುಮಾರಿಗೆ. ಮುಳುಗಿದ ಮೇಲೂ ಹಗಲೆಲ್ಲ ಕಾದ ಕಲ್ಲು, ಸಿಮೆಂಟು ಝಳ ಬಿಡುತ್ತಲೇ ಇರುತ್ತವೆ. ಹೊರಗೆ ಕೂತು ಉಸಿರು ಬಿಡುವಂಥ ಹೊತ್ತು ಬರುವಾಗ ಏಳೂವರೆ ಆಗಿರುತ್ತದೆ. ಎಂಟಕ್ಕೆ ಸೀಟಿ. 'ಟೈಮ್ ಆಯ್ತ್ರಿ ಅಕ್ಕ, ಏಳ್ರಿ.' ಪಾಪ, ವಾಚ್‌ಮನ್ ಏನು ಮಾಡ್ತಾನೆ? ಅವನಿಗೆ ಬಂದ ಆರ್ಡರ್ ಅದು.

ಇಲ್ಲಿನ ಬಿಸಿಲು ಬೇರೆ ಅನ್ನುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ. ಬೇಸಿಗೆ ಬಂತು ಅಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಒಳ್ಳೆಯದೇ. ಫ್ಯಾನ್ ಕೆಳಗೆ ಕೂರುವವರಿಗೆ ಸಿಕ್ಕ ಈ ಅನುಕೂಲ, ಫ್ಯಾನೇ ಇಲ್ಲದ ಪಾರ್ಕಿಗೆ ಯಾಕೆ ಬರಲಿಲ್ಲ ಅಂತ ನನ್ನ ಪ್ರಶ್ನೆ.

ಎಂಟಕ್ಕೆ ಬೀಗ ಬಿದ್ದರೆ ಯಾರಿಗೆ ನಷ್ಟ, ಅದನ್ನೂ ಹೇಳ್ತೀನಿ. ಗಂಡಸರಿಗೆ ಊರೆಲ್ಲ ಜಾಗ ಇದೆ. ಚಹಾದ ಅಂಗಡಿ, ಗುಡಿ ಕಟ್ಟೆ, ಮಿರ್ಚಿ ಭಜಿ ಬಂಡಿ, ಏನೂ ಇಲ್ಲದಿದ್ದರೆ ನಿಲ್ಲಿಸಿದ ಬೈಕು. ಹೆಣ್ಣುಮಕ್ಕಳಿಗೆ? ರೊಟ್ಟಿ ತಟ್ಟಿ, ಒಲೆಯ ಮುಂದಿನಿಂದ ಎದ್ದು, ಮುಖ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಎಂಟು ದಾಟಿರುತ್ತದೆ. ಮನೆಯೊಳಗೆ ಸೆಖೆ ಅತಿ ಜಾಸ್ತಿ ಅನ್ನಿಸುವುದೂ ಆಗಲೇ. ಮಾಳಿಗೆಗೆ ಹೋಗೋಣ ಅಂದರೆ ಅದು ಹಗಲೆಲ್ಲ ಕಾದ ಹೆಂಚು. ಇನ್ನು ಉಳಿಯುವುದು ಮನೆ ಮುಂದಿನ ರಸ್ತೆ. ಅಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಹಾರ್ನ್. ನಮ್ಮ ಓಣಿಯ ಅಕ್ಕಂದಿರು ಪಾರ್ಕಿನ ಕಂಪೌಂಡಿನ ಹೊರಗೆ, ಚರಂಡಿ ಪಕ್ಕದ ಕಟ್ಟೆ ಮೇಲೆ ಸಾಲಾಗಿ ಕೂರುತ್ತಾರೆ. ಒಳಗೆ ಹುಲ್ಲು ಖಾಲಿ. ಬೇಕಿದ್ದರೆ ಒಂದು ರಾತ್ರಿ ಬಂದು ನೋಡಿ.

ರಾತ್ರಿ ತೆರೆದಿಟ್ಟರೆ ಕುಡುಕರು ಬರ್ತಾರೆ ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿದೆ. ಬೀಗ ಹಾಕಿದ ಮೇಲೆ ಗೋಡೆ ಹಾರಿ ಬರುವವರು ಯಾರು ಅಂತ ಬೆಳಿಗ್ಗೆ ಬಿದ್ದಿರುವ ಬಾಟಲಿಗಳೇ ಹೇಳುತ್ತವೆ. ಲೈಟು ಉರಿಯುತ್ತಾ, ಹೆಂಗಸರು ಮಕ್ಕಳು ತುಂಬಿರುವ ಜಾಗಕ್ಕೆ ಅಂಥವರು ಬಂದು ಕೂರುವುದು ಕಷ್ಟ, ಅಲ್ವಾ?

ಇನ್ನು ಪಾರ್ಕಿನ ಒಳಗಿನ ಮಾತು. ಪೇಪರಿನಲ್ಲಿ ಕಲಬುರಗಿ 42 ಡಿಗ್ರಿ ಅಂತ ಬರುತ್ತದಲ್ಲ, ಅದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಉಷ್ಣತೆ ಅಳೆಯುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ. ಅದಕ್ಕೆ ನೇರ ಬಿಸಿಲು ತಾಗದಂತೆ ನೋಡಿಕೊಳ್ಳುತ್ತಾರೆ. ನಮ್ಮ ಮೈಗೆ ಅಂಥ ಪೆಟ್ಟಿಗೆ ಇಲ್ಲ. ಮೇಲಿಂದ ಸೂರ್ಯ, ಕೆಳಗಿಂದ ಕಾದ ಟೈಲ್ಸು, ಪಕ್ಕದಿಂದ ಕಂಪೌಂಡ್ ಗೋಡೆ, ಎಲ್ಲ ಸೇರಿ ಬಡಿಯುತ್ತವೆ. ಆದರೆ ನಮ್ಮದು ಒಣ ಬಿಸಿಲು. ಮಂಗಳೂರಿನ ಹಾಗೆ ಗಾಳಿಯಲ್ಲಿ ತೇವ ಇಲ್ಲದ್ದರಿಂದ ಬೆವರು ಬೇಗ ಆರುತ್ತದೆ, ಆರುವಾಗ ಮೈ ತಂಪು ಮಾಡುತ್ತದೆ. ಅದಕ್ಕೇ ಇಲ್ಲಿ ಒಂದು ಬೇವಿನ ಮರದ ಕೆಳಗೆ ಬಂದರೆ ಜೀವ ಬಂದಂತಾಗುತ್ತದೆ. ಮಂಗಳೂರಿನಲ್ಲಿ ಮರದ ಕೆಳಗೂ ಮೈ ಅಂಟಂಟು. ಅಂದರೆ ನೆರಳಿಗೆ ಹಾಕಿದ ದುಡ್ಡಿಗೆ ಜಾಸ್ತಿ ಲಾಭ ಸಿಗುವ ಊರು ನಮ್ಮದು.

ಕೋಟೆಯೊಳಗಿನ ಜಾಮಿಯಾ ಮಸೀದಿ ನೀವು ನೋಡೇ ಇರ್ತೀರಿ. 1367ರದ್ದು. ಬೇರೆ ಊರುಗಳ ದೊಡ್ಡ ಮಸೀದಿಗಳಿಗೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಇಡೀ ಜಾಗಕ್ಕೆ ಗುಮ್ಮಟಗಳ ಚಾವಣಿ. ಹಾಗೆ ಕಟ್ಟಿದ್ದಕ್ಕೆ ಕಾರಣ ಏನೇ ಇರಲಿ, ಮಟಮಟ ಮಧ್ಯಾಹ್ನ ಆ ಕಮಾನುಗಳ ಕೆಳಗೆ ನಿಂತವರಿಗೆ ನೆರಳಿನ ಬೆಲೆ ತಿಳಿಯುತ್ತದೆ.

ನಮ್ಮ ಪಾರ್ಕಿನಲ್ಲಿ ಏನಿದೆ? ಸಾಲಾಗಿ ಶೋಕಿ ಪಾಮ್ ಗಿಡಗಳು. ನೋಡಲಿಕ್ಕೆ ಮದುವೆ ಹಾಲ್ ಮುಂಭಾಗದ ಹಾಗೆ ಚೆಂದ. ಕೆಳಗೆ ನಿಂತರೆ ಒಬ್ಬ ಮನುಷ್ಯನ ತಲೆಗೂ ನೆರಳಿಲ್ಲ. ನೆರಳು ಕೊಡುವ ಒಂದೇ ಒಂದು ಬೇವಿನ ಮರ ಗೇಟಿನ ಹೊರಗಿದೆ. ಆಟೋದವರು, ಕಲ್ಲಂಗಡಿ ಮಾರುವ ಅಜ್ಜ, ವಾಚ್‌ಮನ್ ಎಲ್ಲರೂ ಅದರ ಕೆಳಗೇ. ಬೇವು ಇಲ್ಲಿಗೆ ಹೇಳಿ ಮಾಡಿಸಿದ ಮರ. ಹಳೆ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಹೊಸ ಚಿಗುರು, ಹೂವು ಬಿಟ್ಟಿರುತ್ತದೆ. ಬಿಸಿಲು ಏರುವಾಗ ಅದರ ನೆರಳೂ ತುಂಬುತ್ತದೆ. ಹೊಂಗೆಯೂ ಆಗಬಹುದು, ಹುಣಸೆಯೂ ಆಗಬಹುದು. ಪಾಮ್ ಮಾತ್ರ ಇನ್ನು ಸಾಕು.

ಮಕ್ಕಳ ಜಾರುಬಂಡೆ ಸ್ಟೀಲಿನದು, ಮೇಲೆ ಏನೂ ಹೊದಿಕೆ ಇಲ್ಲ. ಒಂದು ಸಂಜೆ ಗೇಟು ತೆರೆದ ಕೂಡಲೇ ಓಡಿ ಬಂದ ಚಿಕ್ಕ ಹುಡುಗಿಯೊಬ್ಬಳು ಅದರ ಮೇಲೆ ಕೂತು 'ಅವ್ವಾ' ಅಂತ ಚೀರಿ ಎದ್ದಳು. ತಾಯಿ ಬಾಟಲಿ ತೆಗೆದು ಮೇಲಿನಿಂದ ನೀರು ಸುರಿದಳು. ಸುರಿದ ನೀರು ನೋಡನೋಡುತ್ತಲೇ ಅಂಚಿನಿಂದ ಆರುತ್ತಾ ಬಂತು. ಪಕ್ಕದ ಓಪನ್ ಜಿಮ್ ಹಿಡಿಕೆಗಳದ್ದೂ ಇದೇ ಕಥೆ. ಹೆಂಗಸರು ಸೆರಗು ಸುತ್ತಿ ಹಿಡಿಯುತ್ತಾರೆ. ಬೆಂಚುಗಳು ಶಹಾಬಾದ್ ಕಲ್ಲಿನವು. ನಮ್ಮದೇ ಜಿಲ್ಲೆಯ ಕಲ್ಲು, ಅಭಿಮಾನ ಇದೆ. ಆದರೆ ಅವನ್ನು ಬಟಾಬಯಲಲ್ಲಿ ಇಟ್ಟರೆ ಕೂರುವುದು ಹೇಗೆ? ಎಲ್ಲವನ್ನೂ ನೆರಳಿಗೆ ತನ್ನಿ ಅಂತಲೂ ನಾನು ಹೇಳುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಹಿರಿಯರು ಎಳೆಬಿಸಿಲು ಹುಡುಕಿಕೊಂಡು ಬರ್ತಾರೆ. ಒಂದೆರಡು ಅವರಿಗೂ ಇರಲಿ. ಬೇಕಾದ ಕಡೆ ಎದ್ದು ಹೋಗಿ ಕೂರುವ ಸ್ವಾತಂತ್ರ್ಯ ಇದ್ದರೆ ಜನ ಹೆಚ್ಚು ಬಿಸಿಲನ್ನೂ ತಡೆದುಕೊಳ್ಳುತ್ತಾರೆ ಅಂತ ಈ ವಿಷಯ ಅಧ್ಯಯನ ಮಾಡಿದವರೂ ಹೇಳುತ್ತಾರೆ.

ಮಳೆಗಾಲದ ಬಗ್ಗೆ ಒಂದೇ ಮಾತು. ವಾಕಿಂಗ್ ಟ್ರ್ಯಾಕಿನ ಒಂದು ಬದಿ ಕರಿಮಣ್ಣು ಹಾಗೇ ಬಿಟ್ಟಿದ್ದಾರೆ. ನಾಲ್ಕು ಹನಿ ಬಿದ್ದರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮುಂದೆ. ಮರಳೋ ಮುರುಮೋ ಹಾಕಿಸಿ.

ಮಧ್ಯಾಹ್ನದ ಬೀಗದ ಬಗ್ಗೆಯೂ ಯೋಚಿಸಿ. ಹಳ್ಳಿಯಿಂದ ಕಚೇರಿ ಕೆಲಸಕ್ಕೆ, ಆಸ್ಪತ್ರೆಗೆ ಬಂದವರು ಎಲ್ಲಿ ಕೂರಬೇಕು? ಒಂದೂವರೆಗೆ ಕಚೇರಿ ಮುಚ್ಚುತ್ತದೆ. ಊರಿನ ಬಸ್ಸು ಇನ್ನೂ ಬಂದಿರುವುದಿಲ್ಲ. ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, 2013ರಲ್ಲಿ ಅಲ್ಲಿನ ಪಾಲಿಕೆ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ದೇಶದಲ್ಲಿ ಅದೇ ಮೊದಲನೆಯದು. ಅಷ್ಟು ದೊಡ್ಡದನ್ನು ನಾವು ಕೇಳುತ್ತಿಲ್ಲ. ನೆರಳಿನ ಒಂದು ಶೆಡ್ಡು, ಪಕ್ಕದಲ್ಲಿ ಅರವಟ್ಟಿಗೆ, ತೆರೆದ ಗೇಟು. ಅರವಟ್ಟಿಗೆ ಉದ್ಘಾಟನೆಗೆ ನೀವೇ ಬನ್ನಿ, ಫೋಟೋ ತೆಗೆಸಿಕೊಳ್ಳಿ, ನಮ್ಮ ತಕರಾರಿಲ್ಲ. ಎರಡನೇ ವಾರವೂ ಮಡಕೆಯಲ್ಲಿ ನೀರಿರಲಿ, ಅಷ್ಟೇ.

ಗಿಡ ಬೆಳೆಯಲು ವರ್ಷಗಳು ಬೇಕು, ಶೆಡ್ಡಿಗೆ ಟೆಂಡರ್ ಬೇಕು. ಬೋರ್ಡು ಬದಲಿಸಲು ಒಂದು ಡಬ್ಬಿ ಬಣ್ಣ ಸಾಕು. ಏಪ್ರಿಲ್ 1ರಿಂದ ಜೂನ್‌ನ ಮಿರಗದ (ಮೃಗಶಿರಾ) ಮಳೆ ಬೀಳುವವರೆಗೆ ಬೆಳಿಗ್ಗೆ 5ರಿಂದ ರಾತ್ರಿ 10.30ರವರೆಗೆ ಗೇಟು ತೆರೆದಿರಲಿ. ವಾಚ್‌ಮನ್‌ಗೆ ಜೊತೆಗಾರನೊಬ್ಬನನ್ನು ಕೊಡಿ, ಒಬ್ಬನ ಮೇಲೇ ಹೊರಿಸಬೇಡಿ. ಕೆಟ್ಟಿರುವ ಲೈಟುಗಳಿಗೆ ಬಲ್ಬು ಹಾಕಿಸಿ. ಇದಕ್ಕೆ ಅರ್ಜಿ ಬೇಕು ಅಂದರೆ ಅರ್ಜಿ ಬರೆದಾಗಿದೆ, ಓಣಿಯ ಹೆಣ್ಣುಮಕ್ಕಳ ಸಹಿಯೂ ಆಗಿದೆ. ಯಾವತ್ತು, ಎಷ್ಟು ಹೊತ್ತಿಗೆ ನಿಮ್ಮ ಮನೆಗೆ ತಂದುಕೊಡಬೇಕು, ತಿಳಿಸಿ. ಹನ್ನೊಂದು ಗಂಟೆಯ ಒಳಗಾದರೆ ಒಳ್ಳೆಯದು, ಆಮೇಲೆ ಬಿಸಿಲು.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರಳು
ಕಲಬುರಗಿ