ಗೆಳೆಯನಿಗೊಂದು ಪತ್ರ: ದಾರ, ಸೂಜಿ, ಕುಂಕುಮ

ಪ್ರೀತಿಯ ಗೆಳೆಯ,

ಶಿರಸಿ ಕಡೆ ಅಡಿಕೆ ಕೊಯ್ಲು ಜೋರಾಗಿದೆ. ರಾತ್ರಿ ಹನ್ನೊಂದಾದರೂ ಅಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದಿನಿಂದ ಏಳುವುದಿಲ್ಲ. ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, ‘ದಾರಕ್ಕೆ ಕುಂಕುಮ ಬಳಿದು ಗೋಡೆಗೆ ನೇತುಹಾಕಿದರೆ ಅದೂ ಕಲೆಯಾ?’ ಅಂತ. ಆಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ನೋಡಿದ್ದು ಕಲಾವಿದೆ ಶೀಲಾ ಗೌಡ ಅವರ 1998ರ ಕೃತಿ. ಅವರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ನಮಗೇನು ದೂರದವರಲ್ಲ. ‘ನನ್ನ ನೋವನ್ನು ಅವನಿಗೆ ಹೇಳು’ ಅನ್ನುವಂಥ ಹೆಸರು ಅದಕ್ಕೆ. ಉದ್ದುದ್ದ ದಾರವನ್ನು ಒಂದೊಂದೇ ಸೂಜಿಯ ಕಣ್ಣಿಗೆ ಪೋಣಿಸಿ, ಪೂರ್ತಿ ಎಳೆದು, ಎಲ್ಲವನ್ನೂ ಸೇರಿಸಿ, ಅಂಟು ಮತ್ತು ಕುಂಕುಮ ಸವರಿ ಹಗ್ಗ ಮಾಡಿದ್ದಾರೆ. ಆ ಕೆಂಪು ಹಗ್ಗ ಗೋಡೆ ಹತ್ತಿ ಇಳಿದು ನೆಲದ ಮೇಲೆ ಕರುಳಿನ ಹಾಗೆ ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಚಿತ್ರ ಬಿಡಿಸುತ್ತಿದ್ದ ಇವರು ತೊಂಬತ್ತರ ದಶಕದಲ್ಲಿ ಸಗಣಿಯನ್ನೂ ಕೈಗೆತ್ತಿಕೊಂಡರು. ಅಡಿಕೆ ಒಣಗಿಸುವ ಅಂಗಳಕ್ಕೆ ಅಮ್ಮ ಬಳಿಯುತ್ತಾಳಲ್ಲ, ಅದೇ ಸಗಣಿ.

ಕುಂಕುಮ ಅಂದರೆ ನಮ್ಮಲ್ಲಿ ಬರೀ ಬಣ್ಣ ಅಲ್ಲ, ಅಲ್ವಾ? ಅಪ್ಪ ಹೋದ ಮೇಲೆ ಅಮ್ಮನ ಕುಂಕುಮದ ಕರಡಿಗೆ ದೇವರ ಗೂಡಿನಿಂದ ಕಾಣೆಯಾಯಿತು. ಯಾರು ತೆಗೆದರು ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು. ಆ ಹಗ್ಗ ನೋಡಿದಾಗಲೆಲ್ಲ ನನಗೆ ಆ ಕರಡಿಗೆ ಇದ್ದ ಜಾಗದ ಕೆಂಪು ಕಲೆ ಕಣ್ಮುಂದೆ ಬರುತ್ತದೆ.

ಕಲಾವಿದೆ ಪುಷ್ಪಮಾಲಾ ಎನ್. ಅವರ ಫೋಟೋಗಳನ್ನೂ ಹುಡುಕಿ ನೋಡು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿ. ನಿಮ್ಮನೆ, ನಮ್ಮನೆ ಗೋಡೆಯ ಮೇಲಿದ್ದ ರವಿವರ್ಮನ ಲಕ್ಷ್ಮಿಯ ಹಾಗೆ ತಾವೇ ವೇಷ ಹಾಕಿ ನಿಂತಿದ್ದಾರೆ. ‘ಹೆಣ್ಣು ಅಂದರೆ ಹೀಗಿರಬೇಕು’ ಅಂತ ನಾವು ಕಲಿತದ್ದು ಆ ಕ್ಯಾಲೆಂಡರಿನಿಂದಲೇ ತಾನೆ? ಅದೂ ಒಂದು ವೇಷ ಅಂತ ಆ ಫೋಟೋ ನೋಡಿದ ಮೇಲೇ ನನಗೆ ಹೊಳೆದದ್ದು.

ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನಿನಗೆ ಗೊತ್ತು. ಹಳೇ ಸೀರೆಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ನಡುವಿನ ತನಕ ಹೊಲಿಯುತ್ತಾ ಹೋಗುತ್ತಾರೆ. ಮೂಲೆಗೆ ‘ಫುಲಾ’ ಅನ್ನುವ ಪುಟ್ಟ ಬಟ್ಟೆಯ ಹೂವು ಕೂರಿಸದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಚಳಿಗೆ ಆ ಹೂವಿನಿಂದ ಏನೂ ಉಪಯೋಗವಿಲ್ಲ. ಆದರೂ ಬೇಕೇ ಬೇಕು. ‘ಅದೂ ಕಲೆಯಾ’ ಅಂತ ಕೇಳುವ ಮೊದಲು ಆ ಹೂವನ್ನೊಮ್ಮೆ ಮುಟ್ಟಿ ನೋಡು ಮಾರಾಯ. ನಾವು ಇಂಥದ್ದನ್ನೆಲ್ಲ ಸುಮ್ನೆ ‘ಮನೆಗೆಲಸ’ ಅಂದುಬಿಟ್ಟೆವು. ನನಗೆ ಜಾಸ್ತಿ ಬೇಜಾರು ಅದರದ್ದೇ.

ನಿನ್ನೆ ರಾತ್ರಿ ಶೀಲಾ ಅವರ ಆ ಹಗ್ಗದ ಫೋಟೋವನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದೆ. ಅಡಿಕೆಯ ಚೊಗರು ಹಿಡಿದು ಕಪ್ಪಾದ ಬೆರಳಿನಿಂದ ಸೂಜಿಗಳನ್ನು ದೊಡ್ಡದು ಮಾಡಿ ನೋಡಿದಳು. ಅರ್ಥ ಏನು ಅಂತ ಕೇಳಲಿಲ್ಲ. ‘ಇಷ್ಟೂ ಸೂಜಿಗೆ ಪೋಣಿಸಿದ್ದಾ? ಪಾಪ, ಬೆರಳು ನೋವು ಬಂದಿಕ್ಕು’ ಅಂದಳು. ಆಮೇಲೆ ಇನ್ನೊಂದು ಅಡಿಕೆ ತೆಗೆದುಕೊಂಡಳು.

ನಿನ್ನ ಗೆಳತಿ